ದ್ಯಾಮಣ್ಣಜ್ಜನ ಸಂಖ್ಯೆಗೆ ಮರುತೂಕ

ಬೆಂಗೇರಿ, ಹುಬ್ಬಳ್ಳಿ
ಭಾನುವಾರ, 9 ಫೆಬ್ರುವರಿ 2025

ಪ್ರೀತಿಯ ಆರತಿ,

ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. “ನಿನ್ನ ಫೋನ್ ಎತ್ತುವುದಿಲ್ಲ, ಫೋನಿನಲ್ಲಿ ನೀನು ಭಾಷಣ ಮಾಡುತ್ತೀ. ಹೇಳುವುದಿದ್ದರೆ ಕೂತು ಬರೆ” ಎಂದಿದ್ದೆ. ಕೂತೆ. ನಾಲ್ಕು ಸಲ ಕೂತೆ. ನಾಲ್ಕು ಸಲವೂ ಕಾಗದದ ಮೇಲೆ ಭಾಷಣವೇ ಇಳಿಯಿತು, ಹರಿದು ಹಾಕಿದೆ. ತಡವಾದದ್ದಕ್ಕೆ ಸಿಟ್ಟಾಗಬೇಡ. ಆಗಲೇ ಇರುವ ಸಿಟ್ಟಿಗೆ ಇದನ್ನೂ ಸೇರಿಸಬೇಡ.

ನೀನು ವಿಜಯಪುರದಲ್ಲಿ ಆರಾಮ ಇದ್ದೀ ಎಂದುಕೊಂಡಿದ್ದೇನೆ. ನರ್ಸಿಂಗಿನ ಕೊನೆಯ ವರ್ಷ, ಡ್ಯೂಟಿ ಮುಗಿಸಿ ಹಾಸ್ಟೆಲ್ಲಿಗೆ ಬಂದು ನಿಂತಲ್ಲೇ ನಿದ್ದೆ ಹೋಗುತ್ತೀ ಎಂದು ನಿಮ್ಮವ್ವ ಹೇಳುತ್ತಾರೆ. ಇಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಛಲೋ ಇದ್ದಾರೆ. ಅಬ್ಬಾನ ಗ್ಯಾರೇಜಿನಲ್ಲಿ ಕೆಲಸ ತುಸು ಹೆಚ್ಚೇ ಇದೆ. ತಂಗಿ ಬುಶ್ರಾ ಒಂಬತ್ತನೆಯ ಇಯತ್ತೆಯ ಪರೀಕ್ಷೆಗೆ ಓದುತ್ತಿದ್ದೇನೆ ಅನ್ನುತ್ತಾಳೆ. ನಾನು ಅದೇ ಡಿಟಿಪಿ ಅಂಗಡಿ, ಅದೇ ಮುರುಕು ಕುರ್ಚಿ. ಮುದ್ರಣಕ್ಕೆ ಬಂದ ಕಿರುಹೊತ್ತಿಗೆಗಳನ್ನು ಟೈಪು ಮಾಡುತ್ತಾ ಮಾಡುತ್ತಾ ಓದಿಬಿಡುವ ಚಟ ಇನ್ನೂ ಹೋಗಿಲ್ಲ. ಹೋದ ವಾರ ನೀರಿನ ಹಕ್ಕಿನ ಬಗ್ಗೆ ಒಂದು ಬಂದಿತ್ತು, ನಿನಗೆ ಕಳಿಸುತ್ತೇನೆ. ನೋಡು, ಭಾಷಣದ ಕಡೆಗೇ ಹೊರಟೆ.

ನೀನು ಕೇಳಿದ್ದು ಇಷ್ಟೇ: “ನನ್ನ ಅಜ್ಜನನ್ನು ಅಷ್ಟು ಮಂದಿಯ ಮುಂದೆ ನಿಲ್ಲಿಸಿ ನಗೆಪಾಟಲು ಮಾಡಿದೆ. ಈಗ ಹೇಗಿದ್ದಾರೆ, ಖರೇ ಹೇಳು.” ನೀನು ನೋಡಿದ ವಿಡಿಯೋ ನಲವತ್ತು ಸೆಕೆಂಡಿನದು. ಅಜ್ಜ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಾರೆ, ಮಂದಿ ನಗುತ್ತಿದ್ದಾರೆ, ಅಜ್ಜನ ಕಣ್ಣಲ್ಲಿ ನೀರು. ಅಲ್ಲಿಗೆ ಮುಗಿಯುತ್ತದೆ. ಅದರ ಹಿಂದೆ ಏನಿತ್ತು, ಮುಂದೆ ಏನಾಯಿತು ಎಂಬುದನ್ನು ಬರೆಯಲೆಂದೇ ಇವತ್ತು ಕೂತಿದ್ದೇನೆ. ಅದಕ್ಕೆ ಮೊದಲು ಆ ಸಂಖ್ಯೆಯ ಬಗ್ಗೆ ಹೇಳಬೇಕು. ಲೆಕ್ಕ ಎಂದರೆ ಎದ್ದು ನೀರು ಕುಡಿಯಲು ಹೋಗುವವಳು ನೀನು. ಈ ಸಲ ಹೋಗಬೇಡ. ಅಜ್ಜ ಹನ್ನೊಂದು ವರ್ಷ ಕೂತದ್ದು ಯಾತಕ್ಕೆ ಎಂದು ಮೊಮ್ಮಗಳಿಗಾದರೂ ಗೊತ್ತಿರಬೇಕು.

ಸಂಖ್ಯೆ 58,82,353. ಐವತ್ತೆಂಟು ಲಕ್ಷದ ಎಂಬತ್ತೆರಡು ಸಾವಿರದ ಮುನ್ನೂರಾ ಐವತ್ತಮೂರು.

ಇದನ್ನು ಎರಡು ತುಂಡು ಮಾಡು. ಮುಂದಿನ ಮೂರು ಅಂಕಿ 588, ಹಿಂದಿನ ನಾಲ್ಕು ಅಂಕಿ 2353. 588ನ್ನು ಅದರಿಂದಲೇ ಗುಣಿಸಿದರೆ 3,45,744. 2353ನ್ನು ಅದರಿಂದಲೇ ಗುಣಿಸಿದರೆ 55,36,609. ಎರಡನ್ನೂ ಕೂಡಿಸು. 58,82,353. ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದೆವು. ತುಂಡು ಮಾಡಿದರೆ, ತುಂಡುಗಳೇ ಬೆಳೆದು ಮತ್ತೆ ಅದನ್ನೇ ಕಟ್ಟಿಕೊಡುತ್ತವೆ. ಮೊದಲ ಸಲ ಅಜ್ಜ ಇದನ್ನು ತೋರಿಸಿದಾಗ ನನಗೆ ಮೈ ಜುಮ್ಮೆಂದಿತು.

ಇದರ ಶುರುವಾತು ಅಮರಗೋಳದ ಮಾರುಕಟ್ಟೆಯಲ್ಲಿ. ಅಜ್ಜ ತೂಕದವರಾಗಿದ್ದಾಗ ಒಂದು ಹತ್ತಿಯ ಚೀಟಿಯ ಮೇಲೆ 1233 ಎಂಬ ಲಾಟು ನಂಬರು ಬಂದಿತ್ತಂತೆ. ಮಧ್ಯಾಹ್ನ ತೂಗುವ ಕಾಟಾ ಖಾಲಿ ಇತ್ತು. ಸುಮ್ಮನೆ ಹನ್ನೆರಡು ಹನ್ನೆರಡಲೆ 144, ಮೂವತ್ತಮೂರು ಮೂವತ್ತಮೂರಲೆ 1089 ಎಂದು ಮನಸ್ಸಿನಲ್ಲೇ ಗುಣಿಸಿ ಕೂಡಿಸಿದರು. 1233 ಬಂತು. “ಅವತ್ತ ಉಂಡದ್ದು ನೆನಪಿಲ್ಲ ತಂಗಿ, ಮನಿಗೆ ಹೆಂಗ ಬಂದ್ನಿ ಅನ್ನೂದೂ ನೆನಪಿಲ್ಲ” ಅನ್ನುತ್ತಾರೆ. ಆಮೇಲೆ 8833 ಸಿಕ್ಕಿತು. ನಾಲ್ಕಂಕಿಯಲ್ಲಿ ಎರಡೇ. ಐದಂಕಿ, ಆರಂಕಿಯಲ್ಲಿ 10,100 ಮತ್ತು 9,90,100 ಸಿಕ್ಕವು. ಅವುಗಳ ಬಗ್ಗೆ ಅಜ್ಜನಿಗೆ ಅಷ್ಟು ಅಕ್ಕರೆ ಇಲ್ಲ: “ಬರೇ ಸೊನ್ನಿ ತುಂಬ್ಯಾವ, ರುಚಿ ಇಲ್ಲ.” ನೌಕರಿ ಮುಗಿದ ಮೇಲೆ ಏಳಂಕಿಗೆ ಕೈ ಹಾಕಿದರು. ಹಳೆಯ ಕ್ಯಾಲೆಂಡರಿನ ಹಿಂಬದಿಗಳು, ಒಂದು ಪೆನ್ಸಿಲ್ಲು. ಕೊನೆಯ ಅಂಕಿ ನೋಡಿ ಆಗದವುಗಳನ್ನು ಬಿಡುತ್ತಾ, ಉಳಿದವುಗಳನ್ನು ಒಂದೊಂದಾಗಿ ಗುಣಿಸುತ್ತಾ ಎಂಟು ವರ್ಷ. ಆಗ ಸಿಕ್ಕಿದ್ದು ಇದು. ಏಳಂಕಿಯನ್ನು ಮೂರು, ನಾಲ್ಕು ಎಂದು ಒಡೆದರೆ ಇಂಥದ್ದು ಇದೊಂದೇ.

ಅಲ್ಲಿಗೆ ನಿಲ್ಲಲಿಲ್ಲ, ಇನ್ನೂ ಮೂರು ವರ್ಷ ಅದರ ಜೊತೆಗೇ ಕೂತರು. ಈ ಸಂಖ್ಯೆಯನ್ನು ಹದಿನೇಳರಿಂದ ಗುಣಿಸಿದರೆ 10,00,00,001 ಬರುತ್ತದೆ ಎಂದು ಕಂಡುಕೊಂಡರು. ಹತ್ತು ಕೋಟಿಯ ಮೇಲೆ ಬರೀ ಒಂದು. ಆಮೇಲೆ ಇನ್ನೊಂದು ಪ್ರಶ್ನೆ ಹುಟ್ಟಿತು: ಇದನ್ನು ಯಾವುದಾದರೂ ಸಂಖ್ಯೆ ಶೇಷವಿಲ್ಲದೆ ಭಾಗಿಸುತ್ತದೆಯೋ ಇಲ್ಲವೋ? ಸಾಲೆಯಲ್ಲಿ ಅವಿಭಾಜ್ಯ ಎಂದು ಕಲಿತೆವಲ್ಲ, ಅದು. ಅದಕ್ಕೆ ಅದರ ವರ್ಗಮೂಲ, ಅಂದರೆ ಸುಮಾರು 2425ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅದಕ್ಕಿಂತ ದೊಡ್ಡದು ಭಾಗಿಸುವುದಾದರೆ ಅದರ ಜೊತೆಗಾರ ಚಿಕ್ಕದೇ ಆಗಿರುತ್ತದೆ, ಆಗಲೇ ಸಿಕ್ಕಿರುತ್ತದೆ. ಅಂಥ ಸಂಖ್ಯೆಗಳು ಮುನ್ನೂರಾ ಅರವತ್ತು. ಮುನ್ನೂರಾ ಅರವತ್ತು ಭಾಗಾಕಾರಗಳನ್ನು ಅಜ್ಜ ಕೈಯಿಂದ ಮಾಡಿದರು. ಯಾವುದರಿಂದಲೂ ಹೋಗಲಿಲ್ಲ. ಏಳನೆಯ ಇಯತ್ತೆ ಓದಿದ ಮನುಷ್ಯ, ಆರತಿ! ಮೂರು ಮಾರ್ಗದರ್ಶಿ ಪುಸ್ತಕ ಓದಿ ತಮ್ಮ ಹೆಸರಿನ ಹಿಂದೆ ಮುಂದೆ ಪದವಿ ಅಂಟಿಸಿಕೊಳ್ಳುವವರು ಈ ಊರಲ್ಲಿ ಎಷ್ಟಿದ್ದಾರೆ. ನಲವತ್ತು ವರ್ಷ ಬೆನ್ನು ಬಾಗಿಸಿ ಕಾಟಾದ ಮುಂದೆ ನಿಂತವರಿಗೆ ಬುದ್ಧಿಯೇ ಇರುವುದಿಲ್ಲ ಎಂದು ನಂಬಿದವರು ಎಷ್ಟಿದ್ದಾರೆ.

ನನಗೆ ಕಿಚ್ಚು ಹತ್ತಿದ್ದು ಅಲ್ಲಿ. ನೀನು ನನ್ನನ್ನು ಬಲ್ಲೆ.

ಹದಿನಾರು ಪುಟದ ಹೊತ್ತಿಗೆ ಬರೆದೆ, ‘ಕಾಟಾದ ಮುಂದೆ ಹುಟ್ಟಿದ ಸಂಖ್ಯೆ’. ಐನೂರು ಪ್ರತಿ. ರಕ್ಷಾಪುಟದ ಮೇಲೆ ದಪ್ಪ ಅಕ್ಷರದಲ್ಲಿ, “ಜಗತ್ತಿನಲ್ಲಿ ಮೊದಲ ಬಾರಿಗೆ ರಾಯಾಪುರದ ತೂಕದ ಕಾರ್ಮಿಕ ದ್ಯಾಮಣ್ಣ ಕಂಡುಹಿಡಿದ ಸಂಖ್ಯೆ.” ಅಬ್ಬಾ ಅದನ್ನು ಓದಿ, ಕೈ ಒರೆಸಿಕೊಳ್ಳುತ್ತಾ ಕೇಳಿದರು: “ಜಗತ್ತು ಅಂದ್ರ ಎಷ್ಟ ದೊಡ್ಡದು ಐತಿ ಬೇಟಾ? ಎಲ್ಲಾ ಕಡೆ ಕೇಳಿ ಬಂದಿಯೇನು?” ಇಂಜಿನ್ ಬಿಚ್ಚುವವರಿಗೆ ಎಲ್ಲದರಲ್ಲೂ ಅನುಮಾನ ಎಂದು ನಕ್ಕೆ.

ಕೇಳಿ ಬರಬೇಕಿತ್ತು. ಫೋನಿನಲ್ಲಿ ಒಂದು ಸಲ ಹುಡುಕಬೇಕಿತ್ತು. ಹುಡುಕಲಿಲ್ಲ, ಆರತಿ. ಅದೇ ನನ್ನ ತಪ್ಪು. “ಯಾವುದನ್ನೂ ಪರೀಕ್ಷಿಸದೆ ನಂಬಬೇಡಿ” ಎಂದು ಐದು ಹೊತ್ತಿಗೆಗಳಲ್ಲಿ ಬರೆದವಳು ಆರನೆಯದರಲ್ಲಿ ಈ ತಪ್ಪು ಮಾಡಿದೆ.

ಹೊತ್ತಿಗೆಯ ಬಿಡುಗಡೆಗೆ ನಾನು ಕರೆದ ಸಭೆಗೆ ಹಿಂದಿನ ಮೂರು ವಾರ ಅಜ್ಜ ಹೇಗಿದ್ದರು ಎಂದು ನಿಮ್ಮವ್ವ ಹೇಳಿರಬಹುದು. ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಸಿ ಕಟ್ಟೆಗೆ ಬಂದು ಕೂತರೆ ಬಿಸಿಲು ಇಳಿಯುವವರೆಗೆ ಭಾಗಾಕಾರ. ಮೊದಲಿನಿಂದ ಎಲ್ಲವನ್ನೂ ಎರಡನೆಯ ಸಲ ಮಾಡುತ್ತಿದ್ದರು. ಹಳೆಯ ಹಾಳೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ನಿಮ್ಮವ್ವನ ಕೈಗೆ ಕೊಟ್ಟಿದ್ದರು, ತಪ್ಪಿಯೂ ನೋಡಬಾರದು ಎಂದು. ನಾನು ಹೋದಾಗಲೆಲ್ಲ ನಿಮ್ಮವ್ವ, ನನ್ನ ನಾಗರತ್ನಾ ಕಾಕಿ, ನನ್ನ ಮೇಲೆಯೇ ಹರಿಹಾಯುತ್ತಿದ್ದರು: “ಏ ಉಜ್ಮಾ, ನೀನರ ಹೇಳ್ವಾ ಅವರಿಗೆ. ತಾಟು ಹಚ್ಚಿ ಒಂದು ತಾಸಾತು, ರೊಟ್ಟಿ ಹಪ್ಪಳ ಆದುವು. ‘ಒಂದು ಸಾವಿರದ ಒಂಬತ್ತು ಮುಗೀಲಿ’ ಅಂತಾರ. ಏನದು, ಬಸ್ಸಿನ ನಂಬರೇನು?”

ಅಜ್ಜ ತಲೆ ಎತ್ತದೆ, “ಬಸ್ಸಾದ್ರ ಇಷ್ಟೊತ್ತಿಗೆ ಧಾರವಾಡ ಮುಟ್ಟತಿತ್ತವಾ” ಅಂದರು.

ಜನವರಿ ಎಂಟಕ್ಕೆ ನೀನು ಗೊತ್ತು ಮಾಡಿಕೊಟ್ಟಿದ್ದ ಕಣ್ಣಿನ ಆಪರೇಷನ್ ತಪ್ಪಿದ್ದು ಯಾಕೆ ಎಂದು ನೀನು ಕೇಳಿದ್ದೀ. ನೆಗಡಿ ಎಂದು ಮನೆಯಲ್ಲಿ ಹೇಳಿದ್ದು ಸುಳ್ಳು. “ಕಣ್ಣಿಗೆ ಪಟ್ಟಿ ಕಟ್ಟಿದ್ರ ಲೆಕ್ಕ ನಿಂದ್ರತೈತಿ, ಮುಗಿಸಿ ಹೋಗತೇನಿ” ಎಂದು ಅಜ್ಜನೇ ಹೋಗಲಿಲ್ಲ. ಬಲಗಣ್ಣಿನಿಂದ ನೀರು ಸೋರುತ್ತಿತ್ತು. ಧೋತರದ ಚುಂಗಿನಿಂದ ಒರೆಸಿಕೊಂಡು ಮತ್ತೆ ಬರೆಯುತ್ತಿದ್ದರು. ಈಗ ಮಾರ್ಚಿ ಹನ್ನೆರಡಕ್ಕೆ ಹೊಸ ತಾರೀಕು ಸಿಕ್ಕಿದೆ. ನಾನೇ ಕರೆದುಕೊಂಡು ಹೋಗುತ್ತೇನೆ.

ಸಭೆ ಜನವರಿ ಹತ್ತೊಂಬತ್ತರ ಭಾನುವಾರ, ರಾಯಾಪುರದ ಸಮುದಾಯ ಭವನದಲ್ಲಿ. ಎಪ್ಪತ್ತು ಮಂದಿ ಬಂದಿದ್ದರು. ಮಾರುಕಟ್ಟೆಯ ಹಳೆಯ ಗೆಳೆಯರು, ನಿಮ್ಮ ಓಣಿಯವರು, ಹೊತ್ತಿಗೆ ತರುವ ನಮ್ಮ ‘ಪ್ರಶ್ನೆ ಬಳಗ’ದ ಒಂಬತ್ತು ಜನ. ಅತಿಥಿಯಾಗಿ ಪಂಢರಿನಾಥ ಸರ್, ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅಜ್ಜ ಇಸ್ತ್ರಿ ಮಾಡಿದ ಅಂಗಿ, ಹಣೆ ತುಂಬ ವಿಭೂತಿ. ಬೋರ್ಡಿನ ಮೇಲೆ ಅಂಕಿಗಳನ್ನು ಒಂದರ ಕೆಳಗೊಂದು ನೆಟ್ಟಗೆ ಬರೆದರು. ಒಡೆದು, ಗುಣಿಸಿ, ಕೂಡಿಸಿ ತೋರಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಹಿಂದಿನಿಂದ ಒಬ್ಬರು ಎದ್ದು, “ಈ ನಂಬರಿಗೆ ಯಾವ ಗ್ರಹ ಬರತೈತ್ರಿ? ಗಾಡಿಗೆ ತಗೊಂಡ್ರ ಛಲೋ ಆಕ್ಕೈತೇನು?” ಎಂದು ಕೇಳಿದರು.

“ಗಾಡಿ ಪಾಟಿ ಮ್ಯಾಲ ಏಳಂಕಿ ಹೆಂಗ ಕುಂದ್ರಸ್ತೀ ತಮ್ಮಾ?” ಅಂದರು ಅಜ್ಜ. ಸಭೆ ನಕ್ಕಿತು. ಅದು ಒಳ್ಳೆಯ ನಗು.

ಆಮೇಲೆ ನಾನು ಮೈಕು ಹಿಡಿದೆ. ಜಗತ್ತು, ಮೊದಲ ಬಾರಿ, ದುಡಿಯುವವರ ಬುದ್ಧಿ, ಎಲ್ಲವೂ ಬಂತು. ಪಂಢರಿನಾಥ ಸರ್ ಕುರ್ಚಿಯಲ್ಲಿ ಸರಿದು ಕೂತು ಏನೋ ಹೇಳಲು ಕೈ ಎತ್ತಿದ್ದು ಕಂಡಿತು, ನಿಲ್ಲಿಸಲಿಲ್ಲ. ಆಗ ಎರಡನೆಯ ಸಾಲಿನಿಂದ ನಮ್ಮ ಬುಶ್ರಾ, ಕೈಯಲ್ಲಿ ಅಬ್ಬಾನ ಫೋನು, ಜೋರಾಗಿ ಹೇಳಿದಳು: “ಆಪಾ, ಇದು ಫೋನ್‌ನ್ಯಾಗ ಐತಿ! ಹೊಸಾದಲ್ಲ!”

ಅವಳ ಮೇಲೆ ಸಿಟ್ಟಾಗಬೇಡ. ಅವಳಿಗೆ ಖುಷಿಯಾಗಿತ್ತು, ಅಷ್ಟೇ.

ಮಂದಿ ನಕ್ಕರು. ಅಜ್ಜನ ಜೊತೆ ಇಪ್ಪತ್ತು ವರ್ಷ ಮಾರುಕಟ್ಟೆಯಲ್ಲಿ ಇದ್ದ ಶಿದ್ದಪ್ಪ ಎದ್ದು ನಿಂತು, “ಏ ದ್ಯಾಮ್ಯಾ! ಹನ್ನೊಂದು ವರ್ಷ ಬಡಕೊಂಡಿ. ಹುಡುಗಿ ಹತ್ತು ಎಣಿಸೂದ್ರಾಗ ತಗದ್ಲು ನೋಡು!” ಅಂದ. ಇನ್ನಷ್ಟು ನಗು. ನಿನಗೆ ಬಂದ ವಿಡಿಯೋ ಈ ಜಾಗದ್ದು. ನಾನು ಮೈಕು ಹಿಡಿದು ಕಲ್ಲಾಗಿ ನಿಂತದ್ದು ಅದರಲ್ಲಿ ಕಾಣುವುದಿಲ್ಲ.

ಈಗ ವಿಡಿಯೋ ಮುಗಿದ ಮೇಲಿನದು.

ಅಜ್ಜ ಸೀಮೆಸುಣ್ಣ ಕೆಳಗಿಟ್ಟು, ವೇದಿಕೆಯಿಂದ ಇಳಿದು, ನಗುವವರ ನಡುವೆ ಹಾದು ಬುಶ್ರಾಳ ಮುಂದೆ ಹೋಗಿ ನಿಂತರು. ಅವಳು ಹೆದರಿ ಫೋನನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

“ಓದ ತಂಗಿ,” ಅಂದರು.

“ಬ್ಯಾಡ್ರಿ ಅಜ್ಜಾ, ತಪ್ಪಾತ್ರಿ.”

“ತಪ್ಪಲ್ಲವಾ, ಓದು. ಒಂದೊಂದ ಅಂಕಿ ಓದು.”

ಅವಳು ಓದಿದಳು. ಐದು, ಎಂಟು, ಎಂಟು, ಎರಡು, ಮೂರು, ಐದು, ಮೂರು. ಒಂದೊಂದಕ್ಕೂ ಅಜ್ಜ ಬೆರಳು ಮಡಿಸಿದರು.

“ಎಲ್ಲೆ ಒಡದಾರ?”

“ಐದುನೂರಾ ಎಂಬತ್ತೆಂಟು, ಎರಡು ಸಾವಿರದ ಮುನ್ನೂರಾ ಐವತ್ತಮೂರು, ಹಿಂಗ ಐತ್ರಿ.”

“ಹದಿನೇಳು?”

“ಅದೂ ಐತ್ರಿ. ಹತ್ತು ಕೋಟಿ ಒಂದು.”

“ಭಾಗ ಹೋಗೂದಿಲ್ಲಂತ ಐತೇನು? ಯಾತರಿಂದೂ?”

“ಹೋಗೂದಿಲ್ಲಂತ್ರಿ. ಪ್ರೈಮ್ ಅಂತ ಬರದಾರ.”

ಅಜ್ಜ ಅಲ್ಲೇ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟರು. ಮೊದಲೇ ಸೋರುತ್ತಿದ್ದ ಕಣ್ಣಿನಿಂದ ಈಗ ಧಾರೆಯೇ ಇಳಿಯಿತು. ನಗು ನಿಂತುಹೋಯಿತು. ಶಿದ್ದಪ್ಪ ಹೆದರಿ ಹತ್ತಿರ ಬಂದು, “ಏ ದ್ಯಾಮಣ್ಣಾ, ಚಾಷ್ಟಿ ಮಾಡಿದ್ನೋ, ಮನಸ್ಸಿಗೆ ಹಚ್ಚಿಕೋಬ್ಯಾಡೋ” ಎಂದು ಭುಜ ಹಿಡಿದ. ಅಜ್ಜ ಅವನ ಕೈ ಹಿಡಿದುಕೊಂಡು ತಲೆ ಎತ್ತಿದರು. ನಗುತ್ತಿದ್ದರು, ಆರತಿ. ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದರು.

“ಶಿದ್ದ್ಯಾ,” ಅಂದರು, “ಮರುತೂಕ ಆತಲ್ಲೋ! ತಾಳಿ ಆತು!”

ಶಿದ್ದಪ್ಪ ಹಿಡಿದ ಕೈಯನ್ನು ಜೋರಾಗಿ ಕುಲುಕಿದ. ಅವನಿಗೆ ಅರ್ಥವಾಗಿತ್ತು. ನಮಗಾರಿಗೂ ಆಗಿರಲಿಲ್ಲ. ಅಜ್ಜನೇ ಎದ್ದು ಹೇಳಿದರು. ಕಾಟಾದ ಮೇಲೆ ಜಗಳ ಬಿದ್ದರೆ ಮರುತೂಕಕ್ಕೆ ಬೇರೆ ಅಂಗಡಿಯ ತೂಕದವನನ್ನು ಕರೆಸುತ್ತಿದ್ದರಂತೆ. ಮೊದಲಿನವನ ತೂಕ ಎಷ್ಟೆಂದು ಅವನಿಗೆ ಯಾರೂ ಹೇಳುವಂತಿಲ್ಲ. ಮೊದಲಿನವನು ಬೆನ್ನು ತಿರುಗಿಸಿ ನಿಲ್ಲಬೇಕು, ಕೆಮ್ಮುವಂತೆಯೂ ಇಲ್ಲ. ಎರಡನೆಯವನು ತೂಗಿ ಕೂಗಬೇಕು. ಎರಡೂ ಒಂದೇ ಆದರೆ ತಾಳೆಯಾಯಿತು, ಕೊಡುವವನೂ ಒಪ್ಪಬೇಕು, ಕೊಳ್ಳುವವನೂ ಒಪ್ಪಬೇಕು.

“ಒಬ್ಬನ ತೂಗಿದ್ದು ಬರೇ ಅವನ ಮಾತ್ರಿ,” ಅಂದರು ಅಜ್ಜ, ಸಭೆಗೆ. “ನಾ ಹನ್ನೊಂದು ವರ್ಷ ಒಬ್ಬನ ತೂಗಾಕತ್ತಿದ್ನಿ. ಎಲ್ಲೆರ ಒಂದು ಅಂಕಿ ಜಾರಿತೇನೋ, ಕಣ್ಣಿಗೆ ಮಂಜು ಬಂದೈತಿ, ಏನರ ತಪ್ಪಿ ಬರದೇನೋ ಅಂತ ಜೀವ ಹೊಡಕೋತಿತ್ತು. ಯಾರೋ ಎಲ್ಲೋ ಕುಂತು, ನನ್ನ ಮಾರಿ ನೋಡದ, ನನ್ನ ಹೆಸರು ಕೇಳದ, ಇಷ್ಟ ತೂಗ್ಯಾರ. ಇನ್ನ ಮ್ಯಾಲೆ ಇದು ನನ್ನ ಮಾತಲ್ಲ. ತೂಕ.”

ಸಭೆ ಈ ಸಲ ತಟ್ಟಿದ ಚಪ್ಪಾಳೆಯನ್ನು ಯಾರೂ ವಿಡಿಯೋ ಮಾಡಲಿಲ್ಲ. ಎಲ್ಲರೂ ಕೈ ತಟ್ಟುತ್ತಿದ್ದರು.

ಪಂಢರಿನಾಥ ಸರ್ ಆಮೇಲೆ ಬೋರ್ಡಿನ ಬಳಿ ಹೋಗಿ ಅಜ್ಜನಿಗೆ ಗೊತ್ತಿಲ್ಲದ ಒಂದನ್ನು ಹೇಳಿದರು. ಯಾವ ಅವಿಭಾಜ್ಯ ಸಂಖ್ಯೆಯನ್ನೂ ಎರಡು ವರ್ಗಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಲು ಬರುವುದಿಲ್ಲ, ಬಂದರೆ ಒಂದೇ ಬಗೆ. ಅಂದರೆ 58,82,353ಕ್ಕೆ 588 ಮತ್ತು 2353 ಬಿಟ್ಟು ಬೇರೆ ಜೋಡಿ ಇಲ್ಲವೇ ಇಲ್ಲ. ಇರುವ ಒಂದೇ ಒಂದು ಜೋಡಿ, ಅದು ತನ್ನ ಅಂಕಿಗಳಲ್ಲೇ ಬರೆದುಕೊಂಡಿರುವುದು. ಅಜ್ಜ ಬೋರ್ಡಿನ ಹತ್ತಿರ ಸರಿದರು. “ಯಾಕರೀ ಸರ? ಯಾಕ ಒಂದ ಜೋಡಿ?” ಎಂದು ಕೇಳಿದರು. ಸರ್ ಹೇಳಿದರು, ಮೂವತ್ತು ವರ್ಷ ಪಾಠ ಮಾಡಿದ್ದೇನೆ, ‘ಯಾಕೆ’ ಎಂದು ಕೇಳಿದವರನ್ನು ಬೆರಳ ಮೇಲೆ ಎಣಿಸಬಹುದು ಎಂದು. ಈಗ ಪ್ರತಿ ಗುರುವಾರ ಅವರು ನಿಮ್ಮ ಮನೆಯ ಕಟ್ಟೆಗೆ ಬರುತ್ತಾರೆ. ಕಾಕಿ ಇಬ್ಬರಿಗೂ ಚಹಾ ಮಾಡಿ, ಇಬ್ಬರಿಗೂ ಬೈಯುತ್ತಾರೆ.

ಹೊತ್ತಿಗೆಗಳು ಮುನ್ನೂರು ಉಳಿದಿದ್ದವು. ಸುಟ್ಟುಬಿಡುತ್ತೇನೆ ಎಂದೆ. ಅಜ್ಜ ಬಿಡಲಿಲ್ಲ. “ಹದಿನಾರು ಪುಟದಾಗ ಸುಳ್ಳು ಒಂದ ಸಾಲು ಐತಿ. ಅಷ್ಟ ಹೊಡಿ, ಉಳದದ್ದು ಹಂಚು.” ಮೂರು ಸಂಜೆ ನಾನೂ ಬುಶ್ರಾಳೂ ಕೂತು ಮುನ್ನೂರು ರಕ್ಷಾಪುಟಗಳ ಮೇಲೆ ‘ಜಗತ್ತಿನಲ್ಲಿ ಮೊದಲ ಬಾರಿಗೆ’ ಎಂಬುದನ್ನು ಕರಿ ಪೆನ್ನಿನಿಂದ ಹೊಡೆದೆವು. ನೂರನೆಯದರ ಹೊತ್ತಿಗೆ ನನಗೆ ಒಂದು ಹೊಳೆಯಿತು. ಸಾಲೆಗಳಲ್ಲಿ ಮೊದಲ ನಂಬರಿನ ಹುಚ್ಚು ಬಿಡಿಸಬೇಕು ಎಂದು ನಾನೇ ಒಂದು ಹೊತ್ತಿಗೆ ಬರೆದಿದ್ದೆ. ಅಜ್ಜನಿಗೆ ಬೆಲೆ ಬರಬೇಕಾದರೆ ಅವರು ಮೊದಲಿಗರೇ ಆಗಿರಬೇಕು ಎಂದು ನಿರ್ಧರಿಸಿದವಳೂ ನಾನೇ. ಅವರಿಗೆ ಅದು ಬೇಕೇ ಎಂದು ಕೇಳಿರಲೇ ಇಲ್ಲ.

ಹೀಗಿದ್ದಾರೆ ನಿನ್ನ ಅಜ್ಜ. ಸುಖವಾಗಿದ್ದಾರೆ. ಸಿಟ್ಟು ಇದ್ದರೆ ನನ್ನ ಮೇಲೆ ಇರಲಿ, ಅವರ ಬಗ್ಗೆ ಚಿಂತೆ ಬಿಡು. ಆದರೆ ಫೋನ್ ಎತ್ತು. ಒಂಬತ್ತನೆಯ ಇಯತ್ತೆಯಿಂದ ನಾವು ಇಷ್ಟು ದಿನ ಮಾತು ಬಿಟ್ಟದ್ದೇ ಇಲ್ಲ.

ಉಮ್ಮಿ ನಿನಗೆ ದುವಾ ತಿಳಿಸಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ನಿಮ್ಮಪ್ಪ, ಅವ್ವ ಆರಾಮ. ಅಜ್ಜ ಆಶೀರ್ವಾದ ಹೇಳಿದ್ದಾರೆ: “ನೂರು ವರ್ಷ ಬಾಳು ಅಂತ ಬರೀಬ್ಯಾಡ, ನೂರಾ ಒಂದು ಅಂತ ಬರಿ, ನೂರು ಎಲ್ಲಾದರಿಂದೂ ಭಾಗ ಹೋಗತೈತಿ.” ನೀನು ನೂರಾ ಒಂದು ವರ್ಷ ಬಾಳು, ನನ್ನ ಗೆಳತಿಯಾಗಿ ಬಾಳು.

ನಿನ್ನ,
ಉಜ್ಮಾ

ತಾ.ಕ. ಲಕೋಟೆ ಅಂಟಿಸಿದ್ದೆ. ಒಡೆದೆ. ಮೇಲೆ ಬರೆದದ್ದರಲ್ಲಿ ಒಂದು ಸಾಲು ಸುಳ್ಳಿದೆ. ‘ಹುಡುಕಲಿಲ್ಲ’ ಎಂದು ಬರೆದೆನಲ್ಲ, ಅದು. ನಾನು ಹುಡುಕಿದ್ದೆ.

ಡಿಸೆಂಬರ್ ಇಪ್ಪತ್ತೆಂಟು, ನಿಮ್ಮ ಕಟ್ಟೆಯ ಮೇಲೆ. ಹೊತ್ತಿಗೆಗಳ ಗಂಟು ಅದೇ ಆಗ ಪ್ರೆಸ್ಸಿನಿಂದ ತಂದು ಇಳಿಸಿದ್ದೆ. ಅಜ್ಜನೇ ಕೇಳಿದರು: “ತಂಗಿ, ಆ ಫೋನ್‌ನ್ಯಾಗ ನೋಡು. ಈ ಸಂಖ್ಯೆ ಮತ್ತ್ಯಾರಿಗಾದ್ರೂ ಬಂದೈತೇನು?” ಹುಡುಕಿದೆ. ಮೊದಲ ಸಾಲಿನಲ್ಲೇ ಇತ್ತು. 588, 2353, ಎಲ್ಲವೂ. ಹೇಳಿದರೆ ಅಜ್ಜನ ಎದೆ ಒಡೆಯುತ್ತದೆ ಅಂದುಕೊಂಡೆ. ಹಾಗೆ ಅಂದುಕೊಂಡೆ ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣ ಮುಂದೆ ಇದ್ದದ್ದು ಐನೂರು ರಕ್ಷಾಪುಟಗಳು. “ಇಲ್ರಿ ಅಜ್ಜಾ, ಎಲ್ಲೂ ಇಲ್ಲ. ನೀವ ಮೊದಲು” ಅಂದೆ.

ಅವರ ಮುಖ ಬಾಡಿತು. ಅದನ್ನು ನಾನು ಸಂಕೋಚ ಅಂದುಕೊಂಡೆ. “ಯಾರೂ ಇಲ್ಲಾ? ಹಂಗಾರ ನಾನ ಇನ್ನೊಮ್ಮಿ ಮಾಡಬೇಕು” ಅಂದರು. ಹಳೆಯ ಹಾಳೆ ಟ್ರಂಕಿಗೆ ಹೋದದ್ದು ಅವತ್ತೇ. ಮರುದಿನ ಮುಂಜಾನೆ, ಎರಡರಿಂದ ಭಾಗಿಸುತ್ತಾ, ಮತ್ತೆ ಶುರು ಮಾಡಿದರು. ತನಗೆ ತಾನೇ ಎರಡನೆಯ ತೂಕದವನಾಗಲು ಹೊರಟಿದ್ದರು, ಆರತಿ. ಮುನ್ನೂರಾ ಅರವತ್ತು ಭಾಗಾಕಾರ, ನೀರು ಸೋರುವ ಆ ಕಣ್ಣಿನಿಂದ. ಆಪರೇಷನ್ನು ಬಿಟ್ಟದ್ದು ಅದಕ್ಕೆ. ಹನ್ನೊಂದು ವರ್ಷ ಅವರು ಕಾದಿದ್ದ ಮಾತು ಇಪ್ಪತ್ತೆರಡು ದಿನ ನನ್ನ ಕೈಯಲ್ಲಿತ್ತು. ನಾನು ಇಲ್ಲ ಅಂದೆ.

ಅವರಿಗೆ ಇನ್ನೂ ಹೇಳಿಲ್ಲ. ನಾನು ನೋಡಿದ ಫೋನಿಗೆ ಅದು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡಿದ್ದಾರೆ. ಮೊನ್ನೆ ಗುರುವಾರ, ಸರ್ ಹೋದ ಮೇಲೆ, ನನ್ನನ್ನು ಕರೆದು ಒಂದು ಹಾಳೆ ಕೊಟ್ಟರು. ಹತ್ತು ಸಾವಿರದಲ್ಲಿ 588 ಕಳೆದರೆ 9412. ಅದರ ಪಕ್ಕಕ್ಕೆ ಅದೇ 2353 ಇಟ್ಟರೆ 9,41,22,353, ಅದೂ ಹಾಗೆಯೇ ಒಡೆದು ಕೂಡುತ್ತದೆ. ಎಂಟಂಕಿಯದು. “ಇದು ಯಾರಿಗಾದ್ರೂ ಬಂದೈತೇನು ನೋಡವಾ” ಅಂದರು. ಬುಶ್ರಾ ಪಕ್ಕದಲ್ಲೇ ಇದ್ದಳು, ಅವಳು ಫೋನ್ ತೆಗೆದಳು. ಅಜ್ಜ ಬೇಡ ಅಂದರು.

“ಅಕಿ ಅವಸರದಾಕಿ. ಉಜ್ಮಾ ನೋಡ್ಲಿ. ಇಲ್ಲ ಅಂದ್ರ ಇಲ್ಲ ಅಂತಾಳ, ಐತಿ ಅಂದ್ರ ಐತಿ ಅಂತಾಳ. ನನ್ನ ಸಲುವಾಗಿ ಒಂದು ಅಂಕಿ ಹೆಚ್ಚು ಕಡಿಮಿ ಹೇಳಾಕಿ ಅಲ್ಲ.”

ಈ ಕಾಗದ ಡಬ್ಬಿಗೆ ಹಾಕಿ ಅಲ್ಲಿಂದಲೇ ರಾಯಾಪುರದ ಬಸ್ಸು ಹತ್ತುತ್ತೇನೆ. ಅಜ್ಜನಿಗೆ ಹೇಗೆ ಹೇಳಬೇಕೆಂದು ಗೊತ್ತಿಲ್ಲ. ಹೇಳದೆ ಮರಳಿ ಬರುವುದಿಲ್ಲ. ನೀನು ಇದನ್ನು ಓದುವ ಹೊತ್ತಿಗೆ ಹೇಳಿ ಆಗಿರುತ್ತದೆ. ನನ್ನ ಫೋನ್ ಎತ್ತದಿದ್ದರೂ ಸರಿ, ಇದನ್ನು ಓದಿದ ದಿನ ಸಂಜೆ ಅಜ್ಜನಿಗೊಂದು ಫೋನ್ ಮಾಡು.